ಅಳೆದು ಹೇಳುವ ವಿದ್ಯೆ



ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯ ಎದುರಿಗೂ ‘ಮುಂದೇನು?’ ಎಂಬ ಪ್ರಶ್ನೆ ಬಂದು ನಿಲ್ಲುತ್ತದೆ. ಪಿ.ಯು.ಸಿ.ಯಲ್ಲಿರುವವರಿಗೂ ಹೈಸ್ಕೂಲಿನಲ್ಲಿರುವವರಿಗೂ ಈ ಪ್ರಶ್ನೆ ಇಂದಲ್ಲ ನಾಳೆ ಎದುರಾಗುವಂಥದ್ದೇ. ರಸಾಯನಶಾಸ್ತ್ರದಲ್ಲಿ ಆಸಕ್ತಿಯಿದ್ದು, ಆ ವಿದ್ಯೆ ಜನರ ನಿತ್ಯಜೀವನಕ್ಕೆ ನೇರವಾಗಿ ಉಪಯೋಗವಾಗಬೇಕು ಎಂಬ ಆಸೆಯೂ ಇರುವವರಿಗೆ ಹೊಂದುವ ಒಂದು ವಿಷಯವಿದೆ. ಅದೇ ಪರಿಸರ ವಿಶ್ಲೇಷಣಾ ವಿಜ್ಞಾನ. ಈ ವಿಷಯದಲ್ಲಿ ಸ್ನಾತಕೋತ್ತರ ಪದವಿಗೆ ಓದುವುದೆಂದರೆ ಏನು, ಅಲ್ಲಿ ಏನು ಕಲಿಯುತ್ತೇವೆ, ಕಲಿತದ್ದು ಯಾರಿಗೆ ಬೇಕು ಎಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡೋಣ.

ಮೊದಲು ಒಂದು ಲೋಟ ನೀರಿನಿಂದ ಆರಂಭಿಸೋಣ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಯ ಪಾವಗಡ, ಗದಗ ಜಿಲ್ಲೆಯ ಮುಂಡರಗಿ, ಕೊಪ್ಪಳ, ರಾಯಚೂರು – ಈ ಭಾಗದ ಅನೇಕ ಹಳ್ಳಿಗಳಲ್ಲಿ ಕೊಳವೆಬಾವಿಯಿಂದ ಬರುವ ನೀರು ನೋಡಲು ಸ್ಫಟಿಕದಂತೆ ತಿಳಿಯಾಗಿರುತ್ತದೆ. ವಾಸನೆಯಿಲ್ಲ, ಕುಡಿದರೆ ಬಾಯಿಗೂ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಅದೇ ನೀರು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳಿರುತ್ತವೆ. ವರ್ಷಗಟ್ಟಲೆ ಕುಡಿದ ಹಿರಿಯರಲ್ಲಿ ಕೆಲವರಿಗೆ ಮೊಣಕಾಲು ಮಡಿಸಲಾಗದು, ಬೆನ್ನು ಬಗ್ಗಿಸಲಾಗದು. ಇದಕ್ಕೆ ಕಾರಣ ನೀರಿನಲ್ಲಿ ಕರಗಿರುವ ಫ್ಲೋರೈಡ್. ನಮ್ಮ ನೆಲದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಖನಿಜಗಳಿಂದ ಅದು ನಿಧಾನವಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. 1 ಮಿಲಿಗ್ರಾಂ ಇರುವ ನೀರಿಗೂ 3 ಮಿಲಿಗ್ರಾಂ ಇರುವ ನೀರಿಗೂ ಇರುವ ಭೇದವನ್ನು ಕಣ್ಣು, ಮೂಗು, ನಾಲಗೆ ಈ ಮೂರೂ ಹೇಳಲಾರವು. ಯಾರಾದರೂ ಅಳೆದೇ ಹೇಳಬೇಕು. ಹಾಗೆ ಅಳೆದು ಹೇಳುವ ವಿದ್ಯೆಯೇ ಪರಿಸರ ವಿಶ್ಲೇಷಣೆ.

ನೀರು, ಗಾಳಿ, ಮಣ್ಣು, ಬೆಳೆ, ಜೀವಿಗಳ ದೇಹ – ಇವುಗಳಲ್ಲಿ ಯಾವ ವಸ್ತು ಎಷ್ಟಿದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ ಎಂದು ಕಂಡುಹಿಡಿಯುವುದು ಈ ಶಾಸ್ತ್ರದ ಕೆಲಸ. ‘ಎಷ್ಟು’ ಎಂಬ ಮಾತು ಇಲ್ಲಿ ಬಹಳ ಸಣ್ಣ ಪ್ರಮಾಣವನ್ನು ಸೂಚಿಸುತ್ತದೆ. ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಹತ್ತು ಲಕ್ಷ ರೂಪಾಯಿಯ ರಾಶಿಯಲ್ಲಿ ಒಂದೇ ಒಂದು ಖೋಟಾ ರೂಪಾಯಿಯನ್ನು ಹುಡುಕಿದಂತೆ. ಆರ್ಸೆನಿಕ್ ಮತ್ತು ಸೀಸದ ವಿಷಯಕ್ಕೆ ಬಂದರೆ ಲೆಕ್ಕ ಇನ್ನೂ ಸೂಕ್ಷ್ಮ. ಕುಡಿಯುವ ನೀರಿನಲ್ಲಿ ಅವುಗಳ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ನೂರು ಕೋಟಿ ರೂಪಾಯಿಯ ರಾಶಿಯಲ್ಲಿ ಹತ್ತು ಖೋಟಾ ನಾಣ್ಯಗಳನ್ನು ಎಣಿಸಿ ತೆಗೆಯುವಷ್ಟು ಸೂಕ್ಷ್ಮ. ಇಷ್ಟು ಸಣ್ಣದನ್ನು ಅಳೆಯುವಾಗ ತಪ್ಪು ಎಲ್ಲಿಂದ ಬೇಕಾದರೂ ನುಸುಳಬಹುದು. ಆದ್ದರಿಂದ ಎರಡು ವರ್ಷಗಳ ಈ ಅಧ್ಯಯನದ ಸಾರವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಅದು ಇಷ್ಟು: ಒಂದು ಅಂಕಿಯನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು ಎಂಬ ವಿವೇಕವನ್ನು ಸಂಪಾದಿಸುವುದು.

ಈ ವಿವೇಕದ ಬೆಲೆ ಎಷ್ಟೆಂಬುದಕ್ಕೆ ಫ್ಲೋರೈಡಿನ ಚರಿತ್ರೆಯೇ ಒಳ್ಳೆಯ ಉದಾಹರಣೆ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯರು ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ ಅಲ್ಲಿಯ ಜನರ ಹಲ್ಲಿನ ಕಂದು ಕಲೆಗಳನ್ನು ಕಂಡು ಅಚ್ಚರಿಪಟ್ಟರು. ಕುಡಿಯುವ ನೀರಿನಲ್ಲೇ ಏನೋ ಇದೆಯೆಂಬ ಸಂಶಯ ಅವರಿಗೆ ಕ್ರಮೇಣ ಬಲವಾಯಿತು. ಆದರೆ ನೀರನ್ನು ಎಷ್ಟು ಸಲ ಪರೀಕ್ಷೆ ಮಾಡಿಸಿದರೂ ವಿಶೇಷವೇನೂ ಸಿಗಲಿಲ್ಲ. ಏಕೆಂದರೆ ಮಾಮೂಲು ಪರೀಕ್ಷೆಯ ಪಟ್ಟಿಯಲ್ಲಿ ಫ್ಲೋರೈಡಿನ ಹೆಸರೇ ಇರಲಿಲ್ಲ. ಸುಮಾರು ಮೂವತ್ತು ವರ್ಷಗಳ ನಂತರ, 1931ರಲ್ಲಿ, ಅಲ್ಯೂಮಿನಿಯಂ ಕಂಪೆನಿಯೊಂದರ ಮುಖ್ಯ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಅವರು ಅರ್ಕಾನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರಿನ ನೀರನ್ನು ರೋಹಿತ ವಿಶ್ಲೇಷಣೆಗೆ ಒಳಪಡಿಸಿದರು. ಅದರಲ್ಲಿ ಫ್ಲೋರೈಡ್ ಕಂಡುಬಂತು. ಪ್ರಮಾಣ ಹತ್ತು ಲಕ್ಷಕ್ಕೆ 13.7 ಭಾಗ. ಆಗ ಚರ್ಚಿಲ್ ಮಾಡಿದ ಕೆಲಸವನ್ನು ಗಮನಿಸಿ. ಅವರು ಆ ಫಲಿತಾಂಶವನ್ನು ಕೂಡಲೇ ಪ್ರಕಟಿಸಲಿಲ್ಲ. ಮಾದರಿಯೇ ಕೆಟ್ಟಿರಬೇಕೆಂದು ಸಂಶಯಪಟ್ಟು, ಮತ್ತೊಮ್ಮೆ ಹೊಸ ನೀರನ್ನು ತರಿಸಿ ಪರೀಕ್ಷೆ ಮಾಡಿಸಿದರು. ಎರಡನೆಯ ಸಲವೂ ಅದೇ ಉತ್ತರ ಬಂದ ಮೇಲೆ ಬೇರೆ ಊರುಗಳ ನೀರನ್ನೂ ತರಿಸಿ ಹೋಲಿಸಿದರು. ಹೀಗೆ ಮೂರು ದಶಕಗಳ ಒಗಟು ಬಿಡಿಸಿತು. ನಮ್ಮ ದೇಶದಲ್ಲಿ 1937ರಲ್ಲಿ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಮೂಳೆಯ ಫ್ಲೋರೋಸಿಸ್ ಕುರಿತ ವರದಿ ಬಂದಾಗ ಕಾರಣವನ್ನು ಗುರುತಿಸಲು ಈ ತಿಳಿವಳಿಕೆ ನೆರವಾಯಿತು.

ಸ್ನಾತಕೋತ್ತರ ತರಗತಿಗೆ ಸೇರಿದ ವಿದ್ಯಾರ್ಥಿ ದೊಡ್ಡ ದೊಡ್ಡ ಯಂತ್ರಗಳ ಮುಂದೆ ಕೂರುವ ಕನಸು ಕಟ್ಟಿಕೊಂಡು ಬರುತ್ತಾನೆ ಅಥವಾ ಬರುತ್ತಾಳೆ. ಆದರೆ ಮೊದಲ ಪಾಠ ಕಲಿಯುವುದು ಕೆರೆಯ ದಂಡೆಯ ಮೇಲೆ, ಕೈಯಲ್ಲಿ ಬಾಟಲಿ ಹಿಡಿದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿ ನೋಡಿದರೆ ಸಾಕು ಎಂಬ ಮಾತು ನಮ್ಮ ಅಡುಗೆಮನೆಗಳಲ್ಲಿದೆ. ಒಂದೇ ಪಾತ್ರೆಯಲ್ಲಿ, ಒಂದೇ ಹದದಲ್ಲಿ ಕುದಿಯುವ ಅನ್ನಕ್ಕೆ ಆ ಮಾತು ಸರಿ. ಕೆರೆಗೆ ಅದು ಸಲ್ಲುವುದಿಲ್ಲ. ಕೊಳಚೆ ಬಂದು ಸೇರುವ ಕಡೆಯ ನೀರು ಒಂದು ಬಗೆ, ತೂಬಿನ ಬಳಿಯ ನೀರು ಇನ್ನೊಂದು ಬಗೆ. ಮೇಲಿನ ನೀರು ಬೇರೆ, ತಳದ ನೀರು ಬೇರೆ. ಹೊತ್ತಿನಿಂದ ಹೊತ್ತಿಗೂ ವ್ಯತ್ಯಾಸವಿದೆ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನೀರು ತೆಗೆದರೆ, ಬಿಸಿಲಿನಲ್ಲಿ ಪಾಚಿ ಬಿಡುವ ಆಮ್ಲಜನಕದಿಂದಾಗಿ ಕೆರೆ ಬಹಳ ಆರೋಗ್ಯವಾಗಿರುವಂತೆ ಕಾಣುತ್ತದೆ. ರಾತ್ರಿಯೆಲ್ಲ ಅದೇ ಪಾಚಿಯೂ ಉಳಿದ ಜೀವಿಗಳೂ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಮೀನು ಸಾಯುವುದು ನಸುಕಿನಲ್ಲಿ. ಮಧ್ಯಾಹ್ನದ ಮಾದರಿಯೊಂದನ್ನೇ ನೋಡಿದವನಿಗೆ ಮೀನು ಏಕೆ ಸತ್ತಿತೆಂಬುದು ಎಂದೂ ತಿಳಿಯುವುದಿಲ್ಲ.

ಮಾದರಿ ತೆಗೆದ ಮೇಲೆ ಅದನ್ನು ಕಾಪಾಡುವುದೂ ಒಂದು ವಿದ್ಯೆ. ಫ್ಲೋರೈಡ್ ಪರೀಕ್ಷೆಯ ನೀರನ್ನು ಪಾಲಿಥೀನ್ ಬಾಟಲಿಯಲ್ಲಿ ತುಂಬಬೇಕು. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಬಾಟಲಿಯ ಗೋಡೆಗೆ ಅಂಟಿಕೊಳ್ಳದಂತೆ ನೀರಿಗೆ ಶುದ್ಧ ನೈಟ್ರಿಕ್ ಆಮ್ಲ ಬೆರೆಸಬೇಕು. ಕರಗಿದ ಆಮ್ಲಜನಕವನ್ನು ಅಳೆಯಬೇಕಾದರೆ ರಾಸಾಯನಿಕಗಳನ್ನು ಹಾಕಿ ಅದನ್ನು ಸ್ಥಳದಲ್ಲೇ ಹಿಡಿದಿಡಬೇಕು. 1888ರಲ್ಲಿ ವಿಂಕ್ಲರ್ ಹೇಳಿಕೊಟ್ಟ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಕೊಳಚೆಯ ಬಲವನ್ನು ತಿಳಿಸುವ ಬಿ.ಓ.ಡಿ. ಪರೀಕ್ಷೆಗೆ ಮಾದರಿಯನ್ನು ತಂಪಾಗಿಟ್ಟು ಬೇಗನೆ ಪ್ರಯೋಗಶಾಲೆಗೆ ತರಬೇಕು. ಅಲ್ಲಿ ಅದನ್ನು ನಮ್ಮ ದೇಶದ ಪದ್ಧತಿಯಂತೆ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ದಿನ ಇಡುತ್ತಾರೆ. ಇದರಲ್ಲಿ ಕಾನೂನಿನ ಮಾತೂ ಇದೆ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯು ಕಾರ್ಖಾನೆಯ ತ್ಯಾಜ್ಯ ನೀರನ್ನು ಹೇಗೆ ತೆಗೆಯಬೇಕು, ಹೇಗೆ ಭಾಗ ಮಾಡಬೇಕು, ಹೇಗೆ ಮೊಹರು ಹಾಕಬೇಕು ಎಂದು ವಿವರವಾಗಿ ಹೇಳುತ್ತದೆ. ಆ ಕ್ರಮ ತಪ್ಪಿದರೆ ಅದರ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಎಂಥ ಉತ್ತಮ ಯಂತ್ರದಲ್ಲಿ ಅಳೆದಿದ್ದರೂ, ಮಾದರಿ ತೆಗೆಯುವುದರಲ್ಲಿ ತಪ್ಪಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಎರಡನೆಯ ಪಾಠ ಪ್ರಯೋಗಶಾಲೆಯ ಒಳಗೆ. ಅದರ ಹೆಸರು ‘ಬ್ಲ್ಯಾಂಕ್’, ಅಂದರೆ ಖಾಲಿ ಮಾದರಿ. ಪರೀಕ್ಷಿಸಬೇಕಾದ ನೀರಿನ ಬದಲು ಅತಿ ಶುದ್ಧ ನೀರನ್ನು ತೆಗೆದುಕೊಂಡು, ಅದೇ ಪಾತ್ರೆ, ಅದೇ ರಾಸಾಯನಿಕ, ಅದೇ ಕ್ರಮದಲ್ಲಿ ಕೊನೆಯವರೆಗೂ ನಡೆಸಿ ನೋಡುವುದು. ಏನೂ ಇಲ್ಲದ ನೀರಿನಲ್ಲಿ ಏನಾದರೂ ಕಂಡುಬಂದರೆ ಅದು ನಮ್ಮ ಕೈಯಿಂದ, ನಮ್ಮ ಪಾತ್ರೆಯಿಂದ, ನಮ್ಮ ಕೋಣೆಯ ಧೂಳಿನಿಂದ ಬಂದದ್ದು ಎಂದರ್ಥ. ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್‌ಸನ್ ಅವರ ಜೀವನವೇ ಈ ಪಾಠಕ್ಕೆ ಭಾಷ್ಯದಂತಿದೆ. ಶಿಲೆಗಳಲ್ಲಿರುವ ಸೀಸವನ್ನು ಅಳೆದು ಭೂಮಿಯ ವಯಸ್ಸನ್ನು ಲೆಕ್ಕ ಹಾಕುವುದು ಅವರ ಉದ್ದೇಶವಾಗಿತ್ತು. ಆದರೆ ಎಷ್ಟು ಸಲ ಅಳೆದರೂ ಸೀಸ ಬರಬೇಕಾದುದಕ್ಕಿಂತ ಬಹಳ ಹೆಚ್ಚಾಗಿ ಬರುತ್ತಿತ್ತು. ಅವರು ಗಾಳಿ, ನೀರು, ಗಾಜು, ಬಟ್ಟೆ, ಚರ್ಮ ಒಂದೊಂದನ್ನೂ ಸಂಶಯಿಸಿ ಪರೀಕ್ಷಿಸಿದರು. ಕೊನೆಗೆ ಧೂಳಿಲ್ಲದ ಪ್ರಯೋಗಶಾಲೆಯನ್ನೇ ಕಟ್ಟಿಕೊಂಡರು. 1956ರಲ್ಲಿ ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಪ್ರಕಟಿಸಿದರು.

ಅವರು ಅಲ್ಲಿಗೇ ನಿಲ್ಲಲಿಲ್ಲ. ತಮ್ಮ ಕೋಣೆಯೊಳಗೆ ಇಷ್ಟು ಸೀಸ ಬಂದದ್ದೆಲ್ಲಿಂದ ಎಂದು ಕೇಳಿಕೊಂಡರು. ಸಮುದ್ರದ ನೀರು, ಧ್ರುವಪ್ರದೇಶದ ಹಿಮ ಇವುಗಳನ್ನು ಅಳೆಯುತ್ತ ಹೋದಾಗ, ಪೆಟ್ರೋಲಿಗೆ ಬೆರೆಸುವ ಸೀಸ ಜಗತ್ತಿನ ಗಾಳಿಯನ್ನೆಲ್ಲ ಕೆಡಿಸಿದೆಯೆಂಬುದು ಗೊತ್ತಾಯಿತು. ಉದ್ಯಮದವರ ಪ್ರಬಲ ವಿರೋಧದ ನಡುವೆಯೂ ಅವರು ತಮ್ಮ ಅಂಕಿಗಳನ್ನು ಬಿಟ್ಟುಕೊಡಲಿಲ್ಲ. ಮಕ್ಕಳ ಬುದ್ಧಿಶಕ್ತಿಯ ಮೇಲೆ ಸೀಸದ ದುಷ್ಪರಿಣಾಮ ಎಂಥದೆಂದು ಇಂದು ಎಲ್ಲರೂ ಬಲ್ಲರು. ಭಾರತದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲಿನ ಮಾರಾಟ ನಿಂತಿತು. ಜಗತ್ತಿನ ಕೊನೆಯ ದೇಶವಾಗಿ ಅಲ್ಜೀರಿಯಾ 2021ರಲ್ಲಿ ಅದನ್ನು ನಿಲ್ಲಿಸಿತು. ಬ್ಲ್ಯಾಂಕ್ ಮಾಡುವುದೆಂದರೆ ಬೇಸರದ ಕೆಲಸವೆಂದು ತಿಳಿಯುವ ವಿದ್ಯಾರ್ಥಿಗಳು ಈ ಕಥೆಯನ್ನು ನೆನಪಿಡಬೇಕು.

ಇನ್ನು ಯಂತ್ರಗಳ ವಿಚಾರ. ಎರಡು ವರ್ಷಗಳಲ್ಲಿ ನೀವು ಹಲವು ಉಪಕರಣಗಳನ್ನು ಕಲಿಯುವಿರಿ. ಆಸ್ಟ್ರೇಲಿಯಾದ ಅಲನ್ ವಾಲ್ಶ್ ಅವರು 1955ರಲ್ಲಿ ಪ್ರಕಟಿಸಿದ ಪರಮಾಣು ಹೀರಿಕೆಯ ರೋಹಿತ ವಿಧಾನ ಲೋಹಗಳನ್ನು ಅಳೆಯುತ್ತದೆ. ಗ್ಯಾಸ್ ಕ್ರೊಮಾಟೊಗ್ರಾಫ್ ಎಂಬ ಯಂತ್ರ ಮಿಶ್ರಣದಲ್ಲಿರುವ ಸಾವಯವ ವಸ್ತುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. ಜೇಮ್ಸ್ ಲವ್‌ಲಾಕ್ 1957ರ ಸುಮಾರಿಗೆ ರೂಪಿಸಿದ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಎಂಬ ಪುಟ್ಟ ಸಾಧನವನ್ನು ಅದಕ್ಕೆ ಜೋಡಿಸಿದ ಮೇಲೆ, ಕ್ಲೋರಿನ್ ಇರುವ ಕೀಟನಾಶಕಗಳ ಅತ್ಯಲ್ಪ ಅಂಶವೂ ಕಣ್ಣಿಗೆ ಬೀಳತೊಡಗಿತು. ಕೇರಳದ ಕಾಸರಗೋಡಿನಲ್ಲೂ ನಮ್ಮ ದಕ್ಷಿಣ ಕನ್ನಡದ ಗೇರು ತೋಟಗಳ ಆಸುಪಾಸಿನಲ್ಲೂ ಜನರು ಎಂಡೋಸಲ್ಫಾನ್ ಸಿಂಪಡಣೆಯ ವಿರುದ್ಧ ದನಿಯೆತ್ತಿದ್ದು ನಿಮಗೆ ಗೊತ್ತಿರಬಹುದು. ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಲ್ಲಿ ಅದನ್ನು ತಡೆಹಿಡಿಯಿತು. ಅಂಥ ಕೀಟನಾಶಕದ ಶೇಷ ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಇಂಥ ಸಾಧನಗಳೇ.

ಆದರೆ ಯಂತ್ರ ತಾನಾಗಿ ಸತ್ಯ ಹೇಳುವುದಿಲ್ಲ. ಅದು ಒಂದು ಸಂಕೇತವನ್ನು ಕೊಡುತ್ತದೆ, ಅರ್ಥ ಮಾಡಿಕೊಳ್ಳಬೇಕಾದವರು ನಾವು. ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡನ್ನೇ ತೆಗೆದುಕೊಳ್ಳಿ. 1966ರಲ್ಲಿ ಬಂದ ಈ ಸಾಧನದ ತುದಿಯಲ್ಲಿ ಲ್ಯಾಂಥನಂ ಫ್ಲೋರೈಡಿನ ಹರಳಿರುತ್ತದೆ. ನೀರಿನಲ್ಲಿ ಫ್ಲೋರೈಡ್ ಹತ್ತು ಪಟ್ಟು ಹೆಚ್ಚಾದರೆ 25 ಡಿಗ್ರಿ ಉಷ್ಣತೆಯಲ್ಲಿ ಅದರ ವಿಭವ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಈ ಲೆಕ್ಕದಂತೆ ಒಂದೇ ಒಂದು ಮಿಲಿವೋಲ್ಟ್ ಏರುಪೇರಾದರೆ ಉತ್ತರದಲ್ಲಿ ಶೇಕಡಾ 4ರಷ್ಟು ವ್ಯತ್ಯಾಸ ಬರುತ್ತದೆ. ನೀರಿನಲ್ಲಿ ಅಲ್ಯೂಮಿನಿಯಂ ಅಥವಾ ಕಬ್ಬಿಣವಿದ್ದರೆ ಅವು ಫ್ಲೋರೈಡನ್ನು ಹಿಡಿದಿಟ್ಟು ಅಡಗಿಸುತ್ತವೆ. ಎಲೆಕ್ಟ್ರೋಡಿಗೆ ಅದು ಕಾಣುವುದೇ ಇಲ್ಲ. ಆದ್ದರಿಂದಲೇ ಅಳೆಯುವ ಮೊದಲು ಒಂದು ವಿಶೇಷ ದ್ರಾವಣವನ್ನು ಬೆರೆಸಿ ಆ ಹಿಡಿತವನ್ನು ಬಿಡಿಸಬೇಕು. ಇದನ್ನರಿಯದೆ ಎಲೆಕ್ಟ್ರೋಡನ್ನು ನೇರವಾಗಿ ನೀರಿನಲ್ಲಿ ಅದ್ದಿದರೆ, ಅಪಾಯದ ನೀರೂ ಸುರಕ್ಷಿತವೆಂಬ ಉತ್ತರ ಬರಬಹುದು.

ಇಲ್ಲಿ ಇನ್ನೆರಡು ಮಾತುಗಳನ್ನು ತಿಳಿದುಕೊಳ್ಳುವುದು ಅಗತ್ಯ. ಒಂದು ‘ಪತ್ತೆ ಮಿತಿ’. ಪ್ರತಿಯೊಂದು ವಿಧಾನಕ್ಕೂ ತನ್ನದೇ ಆದ ಕೆಳಗಿನ ಎಲ್ಲೆಯಿದೆ. ಅದಕ್ಕಿಂತ ಕಡಿಮೆಯಿದ್ದರೆ ಅದು ಕಾಣಲಾರದು. ವರದಿಯಲ್ಲಿ ‘ಪತ್ತೆಯಾಗಲಿಲ್ಲ’ ಎಂದು ಬರೆದಿದ್ದರೆ ‘ಇಲ್ಲವೇ ಇಲ್ಲ’ ಎಂದು ಓದಿಕೊಳ್ಳುವುದು ದೊಡ್ಡ ತಪ್ಪು. ಲೀಟರಿಗೆ 0.05 ಮಿಲಿಗ್ರಾಂಗಿಂತ ಕಡಿಮೆ ಸೀಸವನ್ನು ಕಾಣಲಾರದ ವಿಧಾನವೊಂದು ‘ಪತ್ತೆಯಾಗಲಿಲ್ಲ’ ಎಂದರೆ, 0.01ರ ಮಿತಿಯನ್ನು ನೀರು ದಾಟಿದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಎರಡನೆಯದು ‘ಅನಿಶ್ಚಿತತೆ’. ಒಂದೇ ನೀರನ್ನು ಮೂರು ಸಲ ಅಳೆದರೆ 1.3, 1.5, 1.4 ಎಂದು ಬರಬಹುದು. ಹೀಗಿರುವಾಗ 1.4 ಎಂದಷ್ಟೇ ಬರೆದು ಕೈತೊಳೆದುಕೊಂಡರೆ ಸಾಲದು. ಎಷ್ಟು ಅತ್ತಿತ್ತ ಆಗಬಹುದೆಂಬುದನ್ನೂ ಬರೆಯಬೇಕು. ಓದುವವರು ತೀರ್ಮಾನ ಮಾಡಬೇಕಾದದ್ದು ಅದನ್ನು ನೋಡಿಯೇ. ಇದಕ್ಕಾಗಿಯೇ ಈ ಕೋರ್ಸಿನಲ್ಲಿ ಸಂಖ್ಯಾಶಾಸ್ತ್ರಕ್ಕೆ ದೊಡ್ಡ ಸ್ಥಾನವಿದೆ. ಗಣಿತವೆಂದರೆ ಹಿಂಜರಿಯುವವರು ಈಗಿನಿಂದಲೇ ಅದರ ಗೆಳೆತನ ಮಾಡಿಕೊಳ್ಳುವುದು ಒಳ್ಳೆಯದು.

ಅಳೆದದ್ದರಲ್ಲಿ ತಪ್ಪು ಬರುವುದು ಒಂದು ತೊಂದರೆ. ಅಳೆಯದೇ ಬಿಟ್ಟದ್ದರಿಂದ ಆಗುವ ಅನಾಹುತ ಇನ್ನೂ ದೊಡ್ಡದು. ಬಾಂಗ್ಲಾದೇಶದಲ್ಲಿ 1970ರ ದಶಕದಿಂದ ಲಕ್ಷಾಂತರ ಕೊಳವೆಬಾವಿಗಳನ್ನು ಕೊರೆಯಲಾಯಿತು. ಕೆರೆ ಹೊಂಡಗಳ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುವುದನ್ನು ತಪ್ಪಿಸಬೇಕೆಂಬ ಸದುದ್ದೇಶವೇ ಅದರ ಹಿಂದಿತ್ತು. ಆ ನೀರಿನಲ್ಲಿ ರೋಗಾಣುಗಳಿರಲಿಲ್ಲ. ಆದರೆ ಅನೇಕ ಕಡೆ ಆರ್ಸೆನಿಕ್ ಇತ್ತು. ಪಕ್ಕದ ಪಶ್ಚಿಮ ಬಂಗಾಳದಲ್ಲಿ 1983ರಲ್ಲೇ ಆರ್ಸೆನಿಕ್ ರೋಗಿಗಳು ಕಂಡುಬಂದಿದ್ದರು. 1992ರಲ್ಲಿ ಬ್ರಿಟಿಷ್ ಭೂವೈಜ್ಞಾನಿಕ ಸಂಸ್ಥೆ ಬಾಂಗ್ಲಾದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಹಲವು ಧಾತುಗಳನ್ನು ಅಳೆಯಿತು. ಆ ಪಟ್ಟಿಯಲ್ಲಿ ಆರ್ಸೆನಿಕ್ ಇರಲಿಲ್ಲ. ಮರುವರ್ಷ ಬೇರೆಯವರ ಪರೀಕ್ಷೆಯಿಂದ ಅದು ಬಯಲಾಯಿತು. ಕಾಯಿಲೆಗೆ ತುತ್ತಾದ ಗ್ರಾಮಸ್ಥರೊಬ್ಬರು ಹೂಡಿದ ಮೊಕದ್ದಮೆ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠದವರೆಗೆ ಹೋಯಿತು. ನೀರು ಕುಡಿಯಲು ಯೋಗ್ಯವೇ ಎಂದು ಹೇಳುವುದು ಆ ಸಮೀಕ್ಷೆಯ ಕೆಲಸವಾಗಿರಲಿಲ್ಲ, ಆದ್ದರಿಂದ ಕಾನೂನಿನ ಹೊಣೆ ಇಲ್ಲ ಎಂದು 2006ರಲ್ಲಿ ತೀರ್ಪು ಬಂತು. ಕಾನೂನಿನ ಮಾತು ಅದು. ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಇದರಿಂದ ಕಲಿಯಬೇಕಾದದ್ದು, ವರದಿಯಲ್ಲಿ ಏನನ್ನು ಅಳೆದಿದ್ದೇವೆ ಎಂದು ಹೇಳುವಷ್ಟೇ ಸ್ಪಷ್ಟವಾಗಿ ಏನನ್ನು ಅಳೆದಿಲ್ಲ ಎಂಬುದನ್ನೂ ಹೇಳಬೇಕೆಂಬುದು. ಆರ್ಸೆನಿಕ್ ನಮಗೂ ದೂರದ ಮಾತಲ್ಲ. ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಕಡೆ ಅಂತರ್ಜಲದಲ್ಲಿ ಅದು ಕಂಡುಬಂದಿದೆ.

ಇಂಥ ಅಂಕಿಗಳಿಗಾಗಿ ನಮ್ಮ ರಾಜ್ಯದಲ್ಲಿ ಜನರು ಹೇಗೆ ಕಾಯುತ್ತಾರೆಂಬುದನ್ನು ಕೋಲಾರದ ಕೆರೆಗಳಲ್ಲಿ ಕಂಡಿದ್ದೇವೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಬರಗಾಲದಿಂದ ಬತ್ತಿದ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿವಾದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಒಂದು ಕಡೆ, ನೀರೇ ಇಲ್ಲದ ರೈತನಿಗೆ ತುಂಬಿದ ಕೆರೆಯೆಂದರೆ ಜೀವ ಬಂದಂತೆ. ಇನ್ನೊಂದು ಕಡೆ, ಈ ನೀರು ಇಂಗಿ ತನ್ನ ಕೊಳವೆಬಾವಿಗೆ ಇಳಿದರೆ ಮನೆಯವರು ಕುಡಿಯುವುದೇನನ್ನು ಎಂಬ ಭಯ. ಎರಡೂ ನ್ಯಾಯವಾದ ಕಾಳಜಿಗಳೇ. ಘೋಷಣೆಗಳಿಂದ ಇದು ತೀರ್ಮಾನವಾಗುವುದಿಲ್ಲ. ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು, ಲೋಹಗಳು ಎಷ್ಟು, ರೋಗಾಣುಗಳು ಎಷ್ಟು ಎಂದು ತಿಂಗಳು ತಿಂಗಳೂ, ವರ್ಷ ವರ್ಷವೂ, ಎಲ್ಲರೂ ನಂಬುವಂತೆ ಅಳೆಯಬೇಕು.

‘ಎಲ್ಲರೂ ನಂಬುವಂತೆ’ ಎಂಬ ಮಾತಿನಲ್ಲಿ ಈ ವೃತ್ತಿಯ ಕಷ್ಟವೆಲ್ಲ ಅಡಗಿದೆ. ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ನೀವು ಓದು ಮುಗಿಸಿ ಒಂದು ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದೀರಿ. ಹಳ್ಳಿಯೊಂದರಲ್ಲಿ ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಕೊಳವೆಬಾವಿ ಕೊರೆಸಿದ್ದಾರೆ. ಉದ್ಘಾಟನೆಯ ದಿನವೂ ಗೊತ್ತಾಗಿದೆ. ನೀವು ಅಳೆದಾಗ ಫ್ಲೋರೈಡ್ 1.9 ಬರುತ್ತದೆ. ‘ಅಷ್ಟು ಚೂರಿಗೆ ಏನಾಗುತ್ತದೆ, 1.4 ಎಂದು ಬರೆದುಬಿಡಿ’ ಎಂದು ಯಾರಾದರೂ ಹೇಳಬಹುದು. ಆ ಚೂರು ಯಾರ ಹಲ್ಲಿನಲ್ಲಿ, ಯಾರ ಮೂಳೆಯಲ್ಲಿ ಸೇರುತ್ತದೆಂದು ಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಇರಬಹುದು. ಇದಕ್ಕೆ ತದ್ವಿರುದ್ಧವಾದ ಅಪಾಯವೂ ಇದೆ. ಸರಿಯಾಗಿ ಅಳೆಯದೆ, ಮತ್ತೊಮ್ಮೆ ನೋಡದೆ, ಸುರಕ್ಷಿತವಾದ ನೀರನ್ನು ವಿಷವೆಂದು ಸಾರಿದರೆ ಊರಿನವರು ಆ ಬಾವಿಯನ್ನು ಬಿಟ್ಟು ಕೊಳೆತ ಹೊಂಡದ ನೀರಿಗೆ ಹೋಗಬೇಕಾದೀತು. ಮುಚ್ಚಿಡುವುದು ಎಷ್ಟು ತಪ್ಪೋ, ಗಾಬರಿ ಹುಟ್ಟಿಸುವುದೂ ಅಷ್ಟೇ ತಪ್ಪು. ಇವೆರಡರ ನಡುವೆ ನಿಂತು, ಬಂದದ್ದನ್ನು ಬಂದಂತೆ ಬರೆದು, ತನ್ನ ಸಹಿ ಹಾಕುವ ಧೈರ್ಯ ಈ ಪದವೀಧರನಿಗೆ ಬೇಕು. ಆ ಧೈರ್ಯ ಬರುವುದು ಸ್ವಭಾವದಿಂದಷ್ಟೇ ಅಲ್ಲ. ಬ್ಲ್ಯಾಂಕ್ ಮಾಡಿದ್ದೇನೆ, ಪ್ರಮಾಣ ದ್ರಾವಣದಿಂದ ಯಂತ್ರವನ್ನು ಸರಿನೋಡಿದ್ದೇನೆ, ಮೂರು ಸಲ ಅಳೆದಿದ್ದೇನೆ, ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ ಎಂಬ ಖಾತ್ರಿಯಿಂದ ಬರುತ್ತದೆ.

ಈಗ ಕೆಲವು ಪ್ರಾಯೋಗಿಕ ವಿಷಯಗಳು. ಪರಿಸರ ವಿಶ್ಲೇಷಣೆ ಎಂಬ ಹೆಸರಿನ ಪದವಿಯೇ ಎಲ್ಲ ಕಡೆಯೂ ಇರುವುದಿಲ್ಲ. ಪರಿಸರ ವಿಜ್ಞಾನದ ಎಂ.ಎಸ್ಸಿ.ಯಲ್ಲಿ, ವಿಶ್ಲೇಷಣಾ ರಸಾಯನಶಾಸ್ತ್ರದ ಎಂ.ಎಸ್ಸಿ.ಯಲ್ಲಿ ಇದನ್ನು ಕಲಿಯಬಹುದು. ಬೆಂಗಳೂರು, ಮೈಸೂರು ಮತ್ತು ಕುವೆಂಪು ವಿಶ್ವವಿದ್ಯಾನಿಲಯಗಳಲ್ಲಿ ಪರಿಸರ ವಿಜ್ಞಾನದ ಸ್ನಾತಕೋತ್ತರ ಅಧ್ಯಯನವಿದೆ. ಸಾಮಾನ್ಯವಾಗಿ ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರವನ್ನು ಓದಿದ್ದರೆ ಬಹಳ ಅನುಕೂಲ. ಕಾಲೇಜನ್ನು ಆರಿಸುವಾಗ ಪದವಿಯ ಹೆಸರಿಗಿಂತ ಪಠ್ಯಕ್ರಮವನ್ನು ನೋಡಿ. ಅಲ್ಲಿಯ ಹಿರಿಯ ವಿದ್ಯಾರ್ಥಿಗಳನ್ನು ಕಂಡು ಮೂರು ಪ್ರಶ್ನೆ ಕೇಳಿ: ಯಂತ್ರಗಳನ್ನು ನೀವೇ ನಡೆಸುತ್ತೀರಾ, ಇಲ್ಲವೇ ದೂರದಿಂದ ನೋಡುತ್ತೀರಾ? ಮಾದರಿ ತೆಗೆಯಲು ಹೊರಗೆ ಕರೆದೊಯ್ಯುತ್ತಾರೆಯೇ? ಕೊನೆಯ ಸೆಮಿಸ್ಟರಿನಲ್ಲಿ ಸ್ವಂತ ಪ್ರಾಜೆಕ್ಟ್ ಇದೆಯೇ? ಈ ಮೂರಕ್ಕೂ ಸಮಾಧಾನಕರ ಉತ್ತರ ಸಿಕ್ಕರೆ ಅಲ್ಲಿ ಸೇರಬಹುದು.

ಪ್ರಾಜೆಕ್ಟಿಗೆ ವಿಷಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಿಮ್ಮ ತಾಲ್ಲೂಕಿನ ಹತ್ತು ಕೊಳವೆಬಾವಿಗಳ ನೀರು ಮಳೆಗಾಲಕ್ಕೆ ಮೊದಲು ಮತ್ತು ನಂತರ ಹೇಗೆ ಬದಲಾಗುತ್ತದೆ? ಊರಿನ ಶುದ್ಧ ನೀರಿನ ಘಟಕಕ್ಕೆ ಹೋಗುವ ನೀರಿಗೂ ಹೊರಬರುವ ನೀರಿಗೂ ಏನು ವ್ಯತ್ಯಾಸ? ರಸ್ತೆ ಬದಿಯ ಹೊಲದ ಮಣ್ಣಿನಲ್ಲಿ ಸೀಸವೆಷ್ಟು, ನೂರು ಮೀಟರ್ ಒಳಗೆ ಎಷ್ಟು? ಇಂಥ ಸಣ್ಣ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು, ದೊಡ್ಡ ಪ್ರಶ್ನೆಗೆ ಅರೆಬರೆ ಉತ್ತರ ಕೊಡುವುದಕ್ಕಿಂತ ಮೇಲು.

ಉದ್ಯೋಗದ ಬಗ್ಗೆ ಮನೆಯಲ್ಲಿ ಅಪ್ಪ ಅಮ್ಮ ಕೇಳುವುದು ಸಹಜ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಯೋಗಶಾಲೆಗಳು, ಗ್ರಾಮೀಣ ಕುಡಿಯುವ ನೀರಿನ ಜಿಲ್ಲಾ ಪ್ರಯೋಗಶಾಲೆಗಳು, ಅಂತರ್ಜಲ ಇಲಾಖೆಗಳು, ಔಷಧ ಮತ್ತು ಆಹಾರ ಕಾರ್ಖಾನೆಗಳ ಗುಣಮಟ್ಟ ವಿಭಾಗಗಳು, ತ್ಯಾಜ್ಯ ನೀರಿನ ಸಂಸ್ಕರಣ ಘಟಕಗಳು, ಮಾನ್ಯತೆ ಪಡೆದ ಖಾಸಗಿ ಪ್ರಯೋಗಶಾಲೆಗಳು – ಇಲ್ಲೆಲ್ಲ ಈ ವಿದ್ಯೆಗೆ ಬೇಡಿಕೆಯಿದೆ. ಖಾಸಗಿ ಪ್ರಯೋಗಶಾಲೆಗಳಲ್ಲಿ ಆರಂಭದ ಸಂಬಳ ಹೆಚ್ಚೇನೂ ಇರುವುದಿಲ್ಲ, ಸರ್ಕಾರಿ ಹುದ್ದೆಗಳಿಗೆ ಕಾಯಬೇಕಾಗುತ್ತದೆ ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಕೈಕೆಲಸ ಬಲ್ಲವರಿಗೆ, ಯಂತ್ರ ಕೆಟ್ಟಾಗ ಏಕೆ ಕೆಟ್ಟಿತೆಂದು ಹೇಳಬಲ್ಲವರಿಗೆ ಕೆಲಸದ ಕೊರತೆಯಾಗದು. ಅಧ್ಯಾಪನ, ಸಂಶೋಧನೆಯ ಕಡೆಗೆ ಹೋಗುವವರಿಗೆ ಎನ್.ಇ.ಟಿ. ಪರೀಕ್ಷೆಯ ದಾರಿಯಿದೆ.

ಪಿ.ಯು.ಸಿ. ಅಥವಾ ಹೈಸ್ಕೂಲಿನಲ್ಲಿರುವವರು ಈಗಲೇ ಮಾಡಬಹುದಾದ ಕೆಲಸಗಳೂ ಇವೆ. ಪ್ರಯೋಗಶಾಲೆಯಲ್ಲಿ ಟೈಟ್ರೇಶನ್ ಮಾಡುವಾಗ ಪಕ್ಕದವರ ಉತ್ತರವನ್ನು ನೋಡಿ ನಿಮ್ಮದನ್ನು ತಿದ್ದಬೇಡಿ. ಬಂದದ್ದನ್ನು ಬರೆದು, ಏಕೆ ಹಾಗೆ ಬಂತೆಂದು ಹುಡುಕಿ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡುವ ಕ್ರಮವಿದೆ. ನಿಮ್ಮ ಊರಿನಲ್ಲಿ ಆ ತರಬೇತಿ ಪಡೆದ ಅಕ್ಕಂದಿರು ಇದ್ದರೆ ಅವರ ಬಳಿ ಹೋಗಿ ನೋಡಿ ಕಲಿಯಿರಿ. ಕಿಟ್ ಕೊಡುವುದು ಒಂದು ಸೂಚನೆಯನ್ನು ಮಾತ್ರ. ಸಂಶಯ ಬಂದ ನೀರನ್ನು ಪ್ರಯೋಗಶಾಲೆಗೆ ಕಳಿಸಬೇಕು. ಪಂಚಾಯಿತಿಗೆ ಬಂದ ನೀರಿನ ವರದಿಯನ್ನು ಕೇಳಿ ಓದಿ. ಯಾವ ದಿನ ಮಾದರಿ ತೆಗೆದರು, ಏನೇನು ಅಳೆದರು, ಏನನ್ನು ಅಳೆಯಲಿಲ್ಲ ಎಂದು ನೋಡಿ. ಇಷ್ಟು ಮಾಡಿದರೆ ಈ ಶಾಸ್ತ್ರದ ಅಭ್ಯಾಸ ಆರಂಭವಾದಂತೆಯೇ.

ಮಿತ್ರರೇ, ವೈದ್ಯರಿಗೆ ತಮ್ಮ ರೋಗಿಯ ಮುಖ ಗೊತ್ತಿರುತ್ತದೆ, ಗುಣವಾದವರು ಬಂದು ಕೃತಜ್ಞತೆಯನ್ನೂ ಹೇಳುತ್ತಾರೆ. ನೀರನ್ನು ಅಳೆದು ಒಂದು ಸಾಲಿನ ವರದಿ ಬರೆದವರನ್ನು ಯಾರೂ ನೆನೆಯುವುದಿಲ್ಲ. ಯಾವ ಮಗುವಿನ ಹಲ್ಲಿನ ಮೇಲೆ ಕಲೆ ಬೀಳದೆ ಉಳಿಯಿತೆಂದು ಅವರಿಗೂ ತಿಳಿಯುವುದಿಲ್ಲ. ಹಾಗಿದ್ದರೂ ಆ ಕೆಲಸ ನಡೆಯಲೇಬೇಕು, ಬಲ್ಲವರೇ ಅದನ್ನು ಮಾಡಬೇಕು. ಅಂಥ ಬಲ್ಲವರ ಸಾಲಿನಲ್ಲಿ ನಿಮ್ಮಲ್ಲಿ ಕೆಲವರಾದರೂ ಬಂದು ನಿಲ್ಲುವಂತಾಗಲಿ. ನಿಮ್ಮ ಓದಿಗೆ ಶುಭವಾಗಲಿ.